ನಾಡಿ ಮೇಸ್ತ್ರಿ ಮತ್ತು ಬೀಗಿತ್ತಿಯ ಟ್ರ್ಯಾಕ್ಟರ್

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ರೋಗ ಹೇಳುತ್ತಿದ್ದನಾದ್ದರಿಂದ ಅವನಿಗೆ ನಾಡಿ ಮೇಸ್ತ್ರಿ ಎಂದು ಹೆಸರು ಬಿದ್ದಿತ್ತು. ಹೇಳಿದ್ದು ಹುಸಿಯಾದದ್ದು ಕಡಿಮೆ. ಅದೇ ಅವನ ತಲೆಗೇರಿತ್ತು. "ಎಂಜಿನ್ ಮಾತು ಕೇಳ್ತಾರೆ, ಹೆಂಡತಿ ಮಾತು ಕೇಳಲ್ಲ," ಎಂದು ಹೆಂಡತಿ ಗಿರಾಕಿಗಳ ಎದುರೇ ಅನ್ನುತ್ತಿದ್ದಳು. ಶೆಡ್ಡಿನಲ್ಲಿ ಬಿಡಿಭಾಗಗಳ ಉಸ್ತುವಾರಿ ಅವಳದು.

ಒಂದು ದಿನ ಮಗಳ ಅತ್ತೆ ತಮ್ಮ ಟ್ರ್ಯಾಕ್ಟರನ್ನು ತಾವೇ ಓಡಿಸಿಕೊಂಡು ಶೆಡ್ಡಿಗೆ ಬಂದರು. ಮೇಸ್ತ್ರಿಗಿಂತ ವಯಸ್ಸಾದ ಗಾಡಿ. ಅದನ್ನು ಮುಟ್ಟಲು ಬೀಗಿತ್ತಿ ಮನೆಯಲ್ಲಿ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.

"ಬೀಗರೇ, ಇದರ ಹೊಟ್ಟೇಲಿ ಏನೋ ಬಡೀತಿದೆ ನೋಡಿ."

ಟಕ್, ಟಕ್ ಎಂಬ ಸದ್ದು. ಮೇಸ್ತ್ರಿ ಕಿವಿಗೊಟ್ಟ. "ಬೇರಿಂಗ್ ಸವೆದಿದೆ. ಎಂಜಿನ್ ಬಿಚ್ಚಲೇಬೇಕು."

ಬೀಗಿತ್ತಿ ಹೋದ ಮೇಲೆ ಹೆಂಡತಿ ಅಂದಳು: "ಬೇರಿಂಗ್ ಹೋಗಿದ್ರೆ ಆಯಿಲ್ ಪ್ರೆಶರ್ ಇಳೀಬೇಕಲ್ವಾ? ಎಂಜಿನ್ ಕಾದ ಮೇಲೂ ಗೇಜಿನ ಮುಳ್ಳು ಇಳೀಲಿಲ್ಲ. ಬಿಚ್ಚೋಕೆ ಮುಂಚೆ ಒಂದ್ಸಲ ಹೊರಗಡೆಯೆಲ್ಲಾ ನೋಡಿ."

"ಆ ಗೇಜು ಅಜ್ಜನ ಕಾಲದ್ದು. ಅದನ್ನ ನಂಬ್ತೀಯಾ, ನನ್ನನ್ನ ನಂಬ್ತೀಯಾ?"

ಅವಳು ಸ್ಪ್ಯಾನರುಗಳನ್ನು ತಂದು ಅವನ ಮುಂದಿಟ್ಟಳು.

ಎಂಜಿನ್ನಿಗೆ ಮುಚ್ಚಳದಂತಿದ್ದ ಹೆಡ್ಡು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಡಿದು ಎಬ್ಬಿಸುವಾಗ ಎರಕದಲ್ಲಿ ಕೂದಲೆಳೆಯಂಥ ಸೀಳು ಬಿತ್ತು. ಅಂಥ ಹೆಡ್ಡು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೂ, ಬೇರಿಂಗ್ ಹೇಗೂ ಹೋಗಿದೆಯಲ್ಲ, ಬಿಚ್ಚದೆ ಗತಿಯಿರಲಿಲ್ಲ ಎಂದುಕೊಂಡು ಕೆಳಗಿನ ಆಯಿಲ್ ತೊಟ್ಟಿಯನ್ನು ಕಳಚಿದ. ಬೇರಿಂಗುಗಳು ಒಂದೊಂದೂ ನುಣ್ಣಗೆ ಹೊಳೆಯುತ್ತಿದ್ದವು. ಉಗುರಾಡಿಸಿದ. ಗೀರಿಲ್ಲ, ಸವೆತವಿಲ್ಲ. ನೆಲದಲ್ಲಿ ಕೂತಿದ್ದವನು ಏಳಲು ಆಸರೆಗೆಂದು ಎಂಜಿನ್ನಿನ ಮುಂದೆ ಬೆಲ್ಟ್ ಓಡಿಸುವ ಪುಲ್ಲಿಯನ್ನು ಹಿಡಿದ. ಅದು ಕೈಯಲ್ಲಿ ಟಕ್ಕೆಂದು ಅಲುಗಿತು. ಬೆಣೆ ಸವೆದು ಪುಲ್ಲಿ ಸಡಿಲವಾಗಿತ್ತು, ಅಷ್ಟೆ. ಬೆಣೆ ಬದಲಿಸಿ ಬೋಲ್ಟು ಬಿಗಿದಿದ್ದರೆ ಮುಗಿದುಹೋಗುತ್ತಿತ್ತು.

ಗುಜರಿ ಡಬ್ಬದಲ್ಲಿ ಬೇರೆ ಎಂಜಿನ್ನುಗಳ ಸವೆದ ಬೇರಿಂಗುಗಳು ಬೇಕಾದಷ್ಟಿದ್ದವು. ಬೀಗಿತ್ತಿಗೆ ತೋರಿಸಲೆಂದು ಒಂದನ್ನು ಆರಿಸಿ ಜೇಬಿಗಿಳಿಸಿದ. ಹೆಂಡತಿ ನೋಡಿ, ಡಬ್ಬದ ಮುಚ್ಚಳ ಮುಚ್ಚಿದಳು. ಏನಾದರೂ ಅಂದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು.

ಬೀಗರ ಮನೆಯಲ್ಲಿ ಮಗಳು ನೀರು ತಂದಿಟ್ಟಳು. ಬೀಗಿತ್ತಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಿಮ್ಮಪ್ಪನ ಕೈಗೆ ಗಾಡಿ ಕೊಟ್ಟ ಮೇಲೆ ನನಗೆ ನಿದ್ದೆ ಬಂತು ನೋಡಮ್ಮ," ಎಂದರು. ಮಗಳ ಮುಖ ಅರಳಿತು. ಈ ಮನೆಯಲ್ಲಿ ಅವಳಿಗೆ ಇಂಥ ಮಾತು ಸುಲಭಕ್ಕೆ ಸಿಕ್ಕುವುದಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಬೇರಿಂಗ್ ತೆಗೆಯಲು ಜೇಬಿಗೆ ಕೈ ಹಾಕಿದ. ಆದರೂ ಬಾಯಿಂದ ನಿಜವೇ ಬಂತು.

"ತಪ್ಪಾಯ್ತು, ಬೀಗಿತ್ತಿಯೋರೇ. ಬೇರಿಂಗ್ ಚೆನ್ನಾಗೇ ಇತ್ತು. ಪುಲ್ಲಿ ಸಡಿಲ ಆಗಿದ್ದು. ಸುಮ್ಮನೆ ಬಿಚ್ಚಿ ಹೆಡ್ಡು ಸೀಳಿಬಿಟ್ಟೆ."

ಬೀಗಿತ್ತಿ ಕೇಳಿದರು: "ಸರಿಹೋಗುತ್ತಾ?"

"ಬೆಸುಗೆ ಹಾಕಿಸ್ತೀನಿ. ಮೊದಲಿನ ಥರ ಆಗುತ್ತೆ ಅಂತ ಹೇಳಲಾರೆ."

"ಊಟ ಮಾಡ್ಕೊಂಡು ಹೋಗಿ," ಎಂದು ಅವರು ಎದ್ದು ಒಳಗೆ ಹೋದರು. ದನಿಯಲ್ಲಿ ಮರ್ಯಾದೆಗೇನೂ ಕೊರತೆಯಿರಲಿಲ್ಲ, ಆದರೆ ಇದ್ದದ್ದು ಮರ್ಯಾದೆಯೊಂದೇ.

ಅವನು ಊಟಕ್ಕೆ ನಿಲ್ಲಲಿಲ್ಲ. ಬಾಗಿಲವರೆಗೂ ಬಂದ ಮಗಳು ತಗ್ಗಿದ ದನಿಯಲ್ಲಿ, "ಅಪ್ಪಾ, ನೀನೊಂದು ಸುಳ್ಳು ಹೇಳಿಬಿಟ್ಟಿದ್ರೆ ನನಗೆ ಇಲ್ಲಿ ಸಲೀಸಾಗ್ತಿತ್ತು," ಅಂದಳು. ಅವನು ಜೇಬಿನಲ್ಲಿದ್ದ ಬೇರಿಂಗನ್ನು ದಾರಿಯ ಚರಂಡಿಗೆ ಎಸೆದು ಶೆಡ್ಡಿಗೆ ಬಂದ.

ಬೆಸುಗೆ ಹಾಕಿಸಿದ ಹೆಡ್ಡು ಕೂತಿತು, ಗಾಡಿ ಓಡಿತು. ಆದರೆ ಭಾರ ಎಳೆಯುವಾಗ ಸೀಳಿನಿಂದ ನೀರು ಜಿನುಗುತ್ತಿತ್ತು. ಬೀಗಿತ್ತಿ ಅದರಲ್ಲಿ ಉಳುವುದನ್ನು ಬಿಟ್ಟು, ಸಣ್ಣಪುಟ್ಟ ಕೆಲಸಕ್ಕಷ್ಟೇ ಹೊರಗೆ ತೆಗೆಯತೊಡಗಿದರು. ಆಗಾಗ ರೇಡಿಯೇಟರಿಗೆ ನೀರು ತುಂಬುವ ಕೆಲಸ ಸೊಸೆಯ ಪಾಲಿಗೆ ಬಂತು. ಮೇಸ್ತ್ರಿ ಹೋದಾಗಲೆಲ್ಲ ಮಗಳು ಬಿಂದಿಗೆ ಹಿಡಿದು ಟ್ರ್ಯಾಕ್ಟರಿನ ಪಕ್ಕ ನಿಂತಿರುತ್ತಿದ್ದಳು. ಅವನು ಇಸಿದುಕೊಳ್ಳಲು ಕೈ ಚಾಚಿದರೆ, "ಇರಲಿ ಬಿಡಪ್ಪ, ಅತ್ತೆ ನೋಡ್ತಾರೆ," ಅನ್ನುತ್ತಿದ್ದಳು.