ಹೆಚ್ಚಾಗಿದ್ದ ಒಬ್ಬ ಸಿಪಾಯಿ

೧೮೭೭ರಲ್ಲಿ ತುರ್ಕರ ಮೇಲೆ ನಡೆದ ಯುದ್ಧದಲ್ಲಿ ನಮ್ಮ ಬುಜೌ ಸೀಮೆಯ ಸಿಪಾಯಿಗಳಿಗೆ ಒಟ್ಟು ಎಷ್ಟು ಶೌರ್ಯ ಪದಕ ಸಿಕ್ಕಿತು ಎಂದು ಎಣಿಸುವುದರಲ್ಲಿ ನಾನು ಹನ್ನೊಂದು ವರ್ಷ ಕಳೆದೆ. ಎಣಿಸು ಎಂದು ಯಾರೂ ಹೇಳಿರಲಿಲ್ಲ. ನಾನು ಸಾಲ್ಚೆನಿ ಹಳ್ಳಿಯ ಶಾಲೆಯ ಭೂಗೋಳದ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಮಿಕ್ಕ ಮೇಷ್ಟ್ರುಗಳು ಹೆಂಡತಿ ಮಕ್ಕಳೊಂದಿಗೆ ಕಪ್ಪು ಸಮುದ್ರಕ್ಕೆ ಹೋದರೆ, ನಾನು ಬಸ್ಸು ಹತ್ತಿ ಪಟ್ಟಣದ ದಾಖಲೆ ಕಚೇರಿಗೆ ಹೋಗಿ ಹಳೆಯ ರಾಜಪತ್ರಗಳ ಧೂಳು ಕುಡಿಯುತ್ತಿದ್ದೆ. ಸಂಜೆ ಮನೆಗೆ ಬಂದರೆ ಹೆಂಡತಿ ವೆತೂರಿಯಾ ಬಾಗಿಲಲ್ಲೇ ವಿಚಾರಿಸುವಳು.

"ಏನಪ್ಪಾ ಹರಲಂಬಿಯೆ, ಇವತ್ತು ಎಷ್ಟು ಜನರ ಎದೆ ತಡವಿ ಬಂದೆ?"

ನಿಜ ಹೇಳಬೇಕೆಂದರೆ ನನಗೆ ಪದಕಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನಮ್ಮ ಶಾಲೆಯ ಹಿಂದಿನ ಹೆಡ್‌ಮೇಷ್ಟ್ರು ಒಂದು ಚಿಕ್ಕ ಪುಸ್ತಕ ಬರೆದು, ಪದಕಗಳ ಸಂಖ್ಯೆ ೨೧೩ ಎಂದು ಹೇಳಿ ಸತ್ತಿದ್ದರು. ಊರಲ್ಲಿ ಇನ್ನೂ ಅವರದೇ ಹೆಸರು. ಅವರ ಲೆಕ್ಕ ತಪ್ಪು ಎಂದು ತೋರಿಸಬೇಕೆಂಬುದೇ ನನ್ನ ಸಂಶೋಧನೆಯ ಮೂಲ.

ಹತ್ತನೆಯ ವರ್ಷ ತಪ್ಪು ಸಿಕ್ಕಿತು, ಅದೂ ನಮ್ಮ ಹಳ್ಳಿಯ ಪಟ್ಟಿಯಲ್ಲೇ. ಒಂದು ಕಡೆ ಸ್ತಾನ್ ರಾದು, ಇನ್ನೊಂದು ಕಡೆ ರಾದು ಸ್ತಾನ್. ಅದೇ ಊರು, ಅದೇ ತಿಂಗಳು, ಅದೇ ಪದಕ. ನಮ್ಮಲ್ಲಿ ಮನೆಯ ಮಾತಿನಲ್ಲಿ ಹೆಸರು ಮೊದಲು, ಮನೆತನದ ಹೆಸರು ಆಮೇಲೆ. ಸೈನ್ಯದ ಕಡತದಲ್ಲಿ ತಿರುಗಾಮುರುಗಾ. ಸ್ತಾನ್, ರಾದು ಎಂಬೆರಡೂ ಹೆಸರಾಗಿಯೂ ಇರಬಹುದು, ಮನೆತನವಾಗಿಯೂ ಇರಬಹುದು. ಯಾವನೋ ಗುಮಾಸ್ತ ಒಬ್ಬನನ್ನೇ ನೆಟ್ಟಗೊಮ್ಮೆ, ಮಗುಚಿ ಒಮ್ಮೆ ಬರೆದಿದ್ದಾನೆ ಎಂದು ನಾನು ತೀರ್ಪು ಕೊಟ್ಟೆ. ೨೧೩ ಹೋಗಿ ೨೧೨ ಆಯಿತು. ಜಿಲ್ಲೆಯ ಪತ್ರಿಕೆ ಅದನ್ನು ನಾಲ್ಕು ಬೆರಳಗಲ ಅಚ್ಚು ಹಾಕಿತು. ನಾನು ಒಂಬತ್ತು ಪ್ರತಿ ಕೊಂಡೆ.

ಮರು ವರ್ಷ, ೧೯೭೭ರ ಮಾರ್ಚಿನಲ್ಲಿ ಭೂಕಂಪವಾಯಿತು. ಚರ್ಚಿನ ಮುಂದೆ ಇದ್ದ, ನಮ್ಮೂರಿನ ಪದಕ ಪಡೆದವರ ಹೆಸರಿನ ಕಲ್ಲು ಬಿದ್ದು ಮೂರು ಹೋಳಾಯಿತು. ಮೇ ತಿಂಗಳಲ್ಲಿ, ತುರ್ಕರಿಂದ ಸ್ವಾತಂತ್ರ್ಯ ಪಡೆದ ನೂರನೆಯ ವರ್ಷದ ಹಬ್ಬ. ಹೊಸ ಕಲ್ಲು ನಿಲ್ಲಲೇಬೇಕೆಂದು ಊರ ಪಂಚಾಯ್ತಿಯ ಮುಖ್ಯಸ್ಥ ಮರ್ದಾರೆ ಅಪ್ಪಣೆ ಮಾಡಿದ. ಹಳೆಯ ಕಲ್ಲಿನಲ್ಲಿ ಹದಿಮೂರು ಹೆಸರಿದ್ದವು. ವಿದ್ವಾಂಸನಾದ ನಾನು ಹನ್ನೆರಡು ಬರೆದುಕೊಟ್ಟೆ. ಕಲ್ಲುಕುಟಿಗ ಹನ್ನೆರಡು ಕೆತ್ತಿದ.

ಹಬ್ಬಕ್ಕೆ ವಾರವಿದೆ ಎನ್ನುವಾಗ ಎಂಬತ್ತನಾಲ್ಕು ವರ್ಷದ ಅಂಗೆಲೀನಜ್ಜಿ ಶಾಲೆಗೆ ಬಂದಳು. ಕರವಸ್ತ್ರದ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಎರಡು ಪದಕ ಇಟ್ಟಳು.

"ನಮ್ ದೊಡ್ಡಪ್ಪನ್ನ ಅಳಿಸಿದವ್ರು ನೀವೇನಾ ಮೇಷ್ಟ್ರೇ?"

"ಯಾರನ್ನೂ ಅಳಿಸಿಲ್ಲ ಅಜ್ಜಿ. ಇಬ್ರೂ ಒಬ್ನೇ ಮನುಷ್ಯ. ಗುಮಾಸ್ತ ಎರಡು ಸಲ ಬರ್ದಿದಾನೆ."

"ಸ್ತಾನ್ ನಮ್ ತಾತ. ರಾದು ಅವನ ಹಿರೀಮಗ. ತಾತನ ಹತ್ರ ಎತ್ತಿನ ಗಾಡಿ ಇತ್ತು. ಗಾಯ ಆದವ್ರನ್ನ ಹೊರೋಕೆ ಅಂತ ಗಾಡಿ ಸಮೇತ ಕರ್ಕೊಂಡೋದ್ರು. ಮಗ ಕೋವಿ ಹಿಡ್ದ. ಇಬ್ರಿಗೂ ಪದಕ ಬಂತು. ಮಗ ಸತ್ತಿದ್ದು ಅಪ್ಪನ ಗಾಡೀಲೇ."

ಆಗ ನಾನು ಆಡಿದ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. "ಪದಕದ ಮೇಲೆ ಹೆಸರಿರಲ್ಲ ಅಜ್ಜಿ. ಎರಡನೇದು ಸಂತೇಲೂ ಸಿಗತ್ತೆ" ಎಂದೆ.

ಅಜ್ಜಿ ರೇಗಲಿಲ್ಲ. ಗಂಟು ಕಟ್ಟಿಕೊಂಡು, "ಚರ್ಚಿಗೆ ಬನ್ನಿ" ಎಂದಳು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ನಾನು ಹನ್ನೊಂದು ವರ್ಷದಲ್ಲಿ ನೋಡದೆ ಬಿಟ್ಟಿದ್ದ ಒಂದೇ ಜಾಗ ಅದು. ಶಾಲೆಯ ಎದುರಿಗೇ ಇತ್ತು. ಆದರೆ ಆಗಿನ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಮೇಷ್ಟ್ರು ಚರ್ಚಿನ ಬಾಗಿಲಲ್ಲಿ ಕಂಡರೆ ಪಕ್ಷದ ಮೇಲಿನವರು ಕರೆಸಿ ಕೇಳುತ್ತಿದ್ದರು. ಕೋಳಿ ಕಳ್ಳನಂತೆ ಹಿಂಬಾಗಿಲಿನಿಂದ ಹೋದೆ. ಪಾದ್ರಿ ಒಂದು ಹಳೆಯ ಪುಸ್ತಕ ತೆಗೆದರು. ಪ್ರಾರ್ಥನೆಯಲ್ಲಿ ಓದುವುದಕ್ಕೆ ಮನೆಮನೆಯವರು ಬರೆಸಿದ ಹೆಸರುಗಳು ಅದರಲ್ಲಿದ್ದವು. ಎಡಗಡೆ ಬದುಕಿರುವವರು, ಬಲಗಡೆ ಸತ್ತವರು. ಬರೀ ನಾಮಕರಣದ ಹೆಸರು. ಮನೆತನ ಯಾವುದೆಂದು ದೇವರಿಗೆ ಗೊತ್ತಿರುತ್ತದೆ. ೧೮೭೮ರ ಹಾಳೆಯಲ್ಲಿ ಅಜ್ಜಿಯ ಮನೆಯ ಸಾಲು ಸಿಕ್ಕಿತು. ಎಡಗಡೆ ಸ್ತಾನ್. ಬಲಗಡೆ 'ರಾದು, ಸಿಪಾಯಿ'.

"ಒಬ್ನೇ ಮನುಷ್ಯ ಬದುಕೂ ಇದಾನೆ, ಸತ್ತೂ ಇದಾನಾ ಮೇಷ್ಟ್ರೇ?" ಎಂದಳು ಅಜ್ಜಿ.

ಆ ಯುದ್ಧದ ಕಾಲದಲ್ಲಿ ನಮ್ಮ ಹಳ್ಳಿಗರಿಗೆ ಅಪ್ಪನ ಹೆಸರೇ ಮನೆತನ. ರಾದುವಿನ ಮಗ ಸ್ತಾನ್, ಆದ್ದರಿಂದ ಸ್ತಾನ್ ರಾದು. ಅವನು ತನ್ನ ಮಗನಿಗೆ ಅಜ್ಜನ ಹೆಸರಿಟ್ಟ. ಮಗ ರಾದು ಸ್ತಾನ್ ಆದ. ನಮ್ಮೂರಿನ ಯಾವ ದನ ಕಾಯುವವನನ್ನು ಕೇಳಿದ್ದರೂ ಹೇಳುತ್ತಿದ್ದ. ನಾನು ಕೇಳಿದ್ದು ರಾಜಪತ್ರವನ್ನು.

ಮರ್ದಾರೆಯ ಹತ್ತಿರ ಓಡಿದೆ. ಅವನು ಕೈ ಕೊಡವಿದ.

"ಕಾಮ್ರೇಡ್ ಮೇಷ್ಟ್ರೇ, ಹನ್ನೆರಡು ಅಂತ ಬರ್ಕೊಟ್ಟಿದ್ದು ನೀವೇ. ಜಿಲ್ಲೆಗೆ ಕಳ್ಸಾಗಿದೆ, ಅಚ್ಚಾಗಿದೆ. ಈಗ ಇನ್ನೊಬ್ಬ ಸತ್ತವನು ಎಲ್ಲಿಂದ ಹುಟ್ಟಿದ? ಹೋಗ್ಲಿ ಬಿಡಿ, ಒಬ್ಬ ತಾನೆ?"

ಆ ಒಬ್ಬನಿಂದಲೇ ನಾನು ಒಂಬತ್ತು ಪ್ರತಿ ಪತ್ರಿಕೆ ಕೊಂಡಿದ್ದು ಎಂದು ಅವನಿಗೆ ಹೇಗೆ ಹೇಳಲಿ?

ಹಬ್ಬದ ದಿನ ಬೆಳಿಗ್ಗೆ ಜಿಲ್ಲೆಯಿಂದ ದೊಡ್ಡವರು ಬಂದರು, ಬ್ಯಾಂಡು ಬಂತು. ಮೈಕಿನಲ್ಲಿ ಹೆಸರು ಓದುವ ಕೆಲಸ ನನ್ನದು. ಒಂದೊಂದೇ ಓದುತ್ತ "ಸ್ತಾನ್ ರಾದು" ಎಂದೆ. ಉಸಿರೆಳೆದುಕೊಂಡು "ರಾದು ಸ್ತಾನ್" ಎಂದೆ.

ಜನ ಗೊಳ್ಳೆಂದು ನಕ್ಕರು. "ಮೇಷ್ಟ್ರು ಬೆಳಿಗ್ಗೇನೇ ಏರ್ಸಿದಾರೆ ಕಣ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ವೆತೂರಿಯಾ ತನ್ನ ತಲೆವಸ್ತ್ರವನ್ನು ಕಣ್ಣಿನವರೆಗೂ ಎಳೆದುಕೊಂಡಳು. ಮರ್ದಾರೆ ನನ್ನ ಕೋಟು ಜಗ್ಗಿದ.

"ಇಬ್ರು," ಎಂದೆ ಮೈಕಿನಲ್ಲಿ. "ಅಪ್ಪ, ಮಗ. ಮಗನನ್ನ ಕಲ್ಲಿಂದ ಅಳಿಸಿದವನು ನಾನು. ತಪ್ಪು ನಂದು."

ನಗು ನಿಂತಿತು. ಮುಂದಿನ ಸಾಲಿನಲ್ಲಿ ಅಂಗೆಲೀನಜ್ಜಿ ಎದ್ದು ನಿಂತು, ಪಕ್ಷದ ದೊಡ್ಡವರೆಲ್ಲರ ಎದುರಿಗೇ ಎದೆಯ ಮೇಲೆ ಶಿಲುಬೆ ಗುರುತು ಮಾಡಿ, "ದೇವರು ನಮ್ ದೊಡ್ಡಪ್ಪನ್ನ ಕ್ಷಮಿಸಲಿ" ಎಂದು ಗಟ್ಟಿಯಾಗಿ ಹೇಳಿದಳು. ಊರಿಗೆ ಊರೇ ಅದನ್ನು ಮೆಲ್ಲಗೆ ಹೇಳಿತು. ಜಿಲ್ಲೆಯವರು ಏನು ಮಾಡುವುದೆಂದು ತೋಚದೆ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಮರ್ದಾರೆಯೂ ತಟ್ಟಲೇಬೇಕಾಯಿತು.

ಸೋಮವಾರ ಕಲ್ಲುಕುಟಿಗ ಕಲ್ಲಿನ ಬುಡದಲ್ಲಿ ಜಾಗ ಹೊಂದಿಸಿ ಆ ಹೆಸರು ಕೆತ್ತಿದ. ಅಕ್ಷರ ಸಣ್ಣವು, ಓದಲು ಕುಕ್ಕರುಗಾಲಿನಲ್ಲಿ ಕೂರಬೇಕು. ಅಜ್ಜಿ ಕಷ್ಟಪಟ್ಟು ಕೂತು, ಪ್ರತಿ ಅಕ್ಷರದ ಮೇಲೂ ಬೆರಳಾಡಿಸಿದಳು. ನಾನು ಕೈ ಕೊಟ್ಟು ಎಬ್ಬಿಸಿದೆ. ಅವಳು ಕೈ ಬಿಡದೆ ನನ್ನ ಮುಖ ನೋಡಿದಳು.

"ದೇವರು ನಿಮ್ಮನ್ನೂ ಕ್ಷಮಿಸಲಿ ಮೇಷ್ಟ್ರೇ."

ನಮ್ಮಲ್ಲಿ ಆ ಮಾತನ್ನು ಸತ್ತವರಿಗೆ ಮಾತ್ರ ಹೇಳುವುದು. ನಾನು ಟೋಪಿ ತೆಗೆದು, ತಲೆ ತಗ್ಗಿಸಿ, ಅದನ್ನು ಪಡೆದುಕೊಂಡೆ.