ಆಪಾ ನಿರ್ವಾಹಕರಾದದ್ದು

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ನನ್ನದೊಂದು ಸಣ್ಣ ಕೋಣೆ ಇದೆ. ಮೊದಲು ಅಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದೆ, ಈಗ ವೆಬ್‌ಸೈಟ್ ಮಾಡುತ್ತೇನೆ. ಕೆಲಸ ಬದಲಾಯಿತೇ ಹೊರತು ಗಿರಾಕಿಗಳ ಬುದ್ಧಿ ಬದಲಾಗಲಿಲ್ಲ. ಅಕ್ಕಿಆಲೂರಿನ ರೈಸ್ ಮಿಲ್ಲಿನವರು ಮೊದಲ ಪುಟದಲ್ಲಿ ಅಕ್ಕಿಗಿಂತ ಮೊದಲು ಕಾಕಾ, ದೊಡ್ಡಪ್ಪ, ಸೋದರಮಾವಂದಿರ ಫೋಟೊ ಬೇಕೆಂದು ಹಟ ಹಿಡಿದರು. ಒಬ್ಬರನ್ನು ಬಿಟ್ಟರೂ ಮುನಿಸು. ಎಲ್ಲರನ್ನೂ ಸಾಲಾಗಿ ಕೂರಿಸಿಕೊಟ್ಟೆ. ಕೆಳಗೆ ‘ಸುಖಾಗಮನ ಬಯಸುವವರು’ ಅಂತ ಬರೆಯುವುದೊಂದು ಬಾಕಿ ಉಳಿಯಿತು.

ನಾನು ಸೈಟ್ ಮಾಡುವುದು ಸಿಎಂಎಸ್ ಮೇಲೆ. ಅಂದರೆ ಚೌಕಟ್ಟು ನಾನು ಕಟ್ಟಿಕೊಡುತ್ತೇನೆ, ಆಮೇಲೆ ಅಕ್ಷರ, ಫೋಟೊ, ದರ ಎಲ್ಲವನ್ನೂ ಗಿರಾಕಿಗಳೇ ಮೊಬೈಲಿನಿಂದ ಬದಲಿಸಿಕೊಳ್ಳಬಹುದು. ಹಾಗಂತ ನಾನು ತಿಳಿಸಿ ಹೇಳುತ್ತೇನೆ. ಅವರು ತಲೆ ಅಲ್ಲಾಡಿಸಿ ಹೋಗಿ, ಮರುದಿನ ನನಗೇ ಫೋನ್ ಮಾಡುತ್ತಾರೆ.

ಸವಣೂರಿನ ಆಪಾ ಮಾತ್ರ ಎಂದೂ ಫೋನ್ ಮಾಡಿದವರಲ್ಲ. ಆಪಾ ಅಂದರೆ ಅಕ್ಕ, ಊರಿಗೆಲ್ಲ ಅವರು ಆಪಾನೇ. ಅವರು ಕೌದಿ ಹೊಲಿಯುತ್ತಾರೆ. ಜನ ತಮ್ಮ ಅವ್ವನ, ಅಜ್ಜಿಯ ಹಳೆ ಸೀರೆ ಕಳಿಸಿದರೆ ಅವನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಕೈಹೊಲಿಗೆ ಹಾಕಿ ಹೊದೆಯುವ ಕೌದಿ ಮಾಡಿ ಕಳಿಸುತ್ತಾರೆ. ಸೈಟ್ ಮಾಡಿಸಿದ್ದು ಅವರ ತಮ್ಮ, ಮೊಬೈಲ್ ಅಂಗಡಿಯವನು. ಪಾಸ್‌ವರ್ಡ್ ಅವನ ಹತ್ತಿರ, ಗಿರಾಕಿಗಳ ಜೊತೆ ಮಾತೂ ಅವನದೇ. ಮನುಷ್ಯ ಒಳ್ಳೆಯವನು, ಆದರೆ ಮಾತು ಕೊಡುವುದರಲ್ಲಿ ಧಾರಾಳಿ. ‘ಎಂಟು ದಿನದಲ್ಲಿ ಕೌದಿ ನಿಮ್ಮ ಮನೆಗೆ’ ಅಂತ ಕೆಂಪು ಅಕ್ಷರದಲ್ಲಿ ಹಾಕಿಸಿಕೊಂಡಿದ್ದ. ಒಂದು ಕೌದಿಗೆ ಆಪಾಗೆ ಒಂದು ತಿಂಗಳು ಬೇಕು.

ಹೋದ ಮಳೆಗಾಲದಲ್ಲಿ ಒಂದು ಮುಂಜಾನೆ ಆಪಾ ಮೊದಲ ಸಲ ನನಗೆ ಫೋನ್ ಮಾಡಿ, ಸೈಟ್ ಬಂದ್ ಮಾಡಿಬಿಡು ಬೇಟಿ ಅಂದರು. ಧಾರವಾಡದ ಹೆಣ್ಣುಮಗಳೊಬ್ಬಳು ತೀರಿಕೊಂಡ ತನ್ನ ಅವ್ವನ ಸೀರೆಗಳನ್ನು ಕಳಿಸಿದ್ದಳು. ಎಂಟು ದಿನ ಕಳೆದು ವಾರಗಳಾದವು. ಕೌದಿ ಬರಲಿಲ್ಲವೆಂದು ಸಿಟ್ಟಿಗೆದ್ದು, ನೀವು ಮೋಸಗಾರರು, ನಮ್ಮ ಅವ್ವನ ಸೀರೆ ಇದ್ದ ಹಾಗೇ ವಾಪಸ್ ಕಳಿಸಿ ಅಂದಿದ್ದಳಂತೆ. ಸೀರೆಗಳಿಗೆ ಆಗಲೇ ಕತ್ತರಿ ಬಿದ್ದಿತ್ತು.

ನಾನು ಹೇಳದೆ ಕೇಳದೆ ಬಸ್ಸು ಹತ್ತಿದೆ. ಬಂಕಾಪುರದವರೆಗೆ ನಿಂತುಕೊಂಡೇ ಹೋದೆ, ಆಮೇಲೆ ಸೀಟು ಸಿಕ್ಕಿತು.

ಆಪಾ ಪಡಸಾಲೆಯಲ್ಲಿ ಚಾಪೆಯ ಮೇಲೆ ಆ ತುಂಡುಗಳನ್ನೆಲ್ಲ ಹರವಿಕೊಂಡು ಸುಮ್ಮನೆ ಕೂತಿದ್ದರು. ನಟ್ಟನಡುವೆ ಒಂದು ಹಸಿರು ತುಂಡು. ಧಾರವಾಡದ ಹುಡುಗಿಯ ಅವ್ವನಿಗೆ ಬಲು ಇಷ್ಟದ ಸೀರೆಯಂತೆ, ಅದಕ್ಕೇ ನಡುವಿನ ಜಾಗ. ಕತ್ತರಿಸಿಯಾಗಿದೆ, ಏನು ಮಾಡಲಿ ಅಂತ ತಮ್ಮನ ಕೈಲಿ ಕೇಳಿಸಿದ್ದೇನೆ, ಆ ಹುಡುಗಿಯಿಂದ ಉತ್ತರ ಬರುವ ತನಕ ಸೂಜಿ ಮುಟ್ಟುವುದಿಲ್ಲ ಅಂದರು.

“ಒಬ್ಬರ ಅವ್ವನ ಸೀರಿ ಕೈಯಾಗ ಹಿಡ್ಕೊಂಡು ಸುಳ್ಳು ಹೇಳಿದಂಗಾತು. ಈ ಧಂದೆ ನನಗ ಬ್ಯಾಡ.”

ಸುಳ್ಳು ಹೇಳಿದ್ದು ನೀವಲ್ಲ, ಆ ಕೆಂಪು ಅಕ್ಷರ, ಅದನ್ನು ನೀವೇ ಅಳಿಸಬಹುದು ಅಂದೆ. ತಮ್ಮನನ್ನು ಕೇಳಬೇಕು ಅಂದರು. ನನಗೆ ರೇಗಿಹೋಯಿತು. ಸೂಜಿ ಇವರದು, ಬೆನ್ನುನೋವು ಇವರದು, ಅಪ್ಪಣೆ ಅವನದೇ? ಅಲ್ಲೇ ನಿಂತು ಅವನಿಗೆ ಫೋನ್ ಹಚ್ಚಿದೆ. ಜಗಳಕ್ಕೆ ಸೆರಗು ಕಟ್ಟಿದ್ದೇ ದಂಡವಾಯಿತು. ಬೈಗುಳ ತಿಂದು ತಿಂದು ಅವನಿಗೂ ಸಾಕಾಗಿತ್ತು, ಅಕ್ಕನಿಗೇ ಕೊಟ್ಟುಬಿಡ್ರಿ ಅಂದ.

ಆಪಾನ ಹೆಸರಿನಲ್ಲಿ ಹೊಸ ಖಾತೆ ಮಾಡಿ, ಅವರಿಗೆ ಓದಲು ಬರಲೆಂದು ಪರದೆಯ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಮೊಬೈಲು ಕೈಗಿತ್ತೆ. ಆಪಾ ಅಕ್ಷರ ಅಕ್ಷರ ಕೂಡಿಸಿ ಓದಿದರು. ತಮ್ಮ ಹೆಸರು. ಅದರ ಕೆಳಗೆ, ಪಾತ್ರ: ನಿರ್ವಾಹಕ. ಓದಿದವರೇ ತಲೆಯೆತ್ತಿ, ಪಡಸಾಲೆಯ ಮೂಲೆಯಲ್ಲಿದ್ದ ಗಂಡನ ಮುಖ ನೋಡಿದರು.

ಅವರ ಗಂಡ ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು. ಸೀಟಿನ ಮೇಲೆ ಬರೆದಿರುತ್ತದಲ್ಲ ‘ನಿರ್ವಾಹಕ’ ಅಂತ, ಆ ಸೀಟು ಅವರದಾಗಿತ್ತು. ಮಂಚದ ಮೇಲೆ ಒರಗಿದ್ದವರು ಎದ್ದು ಕೂತು, ನಾನು ರಿಟೈರ್ ಆದಮೇಲೆ ನಿನಗೆ ಡ್ಯೂಟಿ ಬಂತೇನು ಅಂತ ನಕ್ಕರು. ಇದು ಆ ನಿರ್ವಾಹಕ ಅಲ್ಲ, ಸೈಟಿನ ಪೂರಾ ಅಧಿಕಾರ ಇರುವವರು ಅಂತ ನಾನು ವಿವರಿಸಹೊರಟೆ. ಅವರು ಕೈ ಅಡ್ಡ ಹಿಡಿದು ನನ್ನ ಬಾಯಿ ಮುಚ್ಚಿಸಿದರು.

“ಎರಡೂ ಒಂದ ಐತಿ ಬಿಡು. ಡ್ರೈವರ್ ಎಷ್ಟ ಅವಸರ ಮಾಡ್ಲಿ, ಕಂಡಕ್ಟರ್ ರೈಟ್ ಅನ್ನೂತನಕ ಗಾಡಿ ಬಿಡಂಗಿಲ್ಲ. ತುಂಬಿದ್ರ ತುಂಬೈತಿ ಅಂತ ಬಾಗಲದಾಗ ನಿಂತು ಹೇಳಬೇಕು. ಹತ್ತಿಸ್ಕೊಂಡ್ರ ಊರು ಮುಟ್ಟಿಸಬೇಕು.”

ಆಪಾ ಮೊದಲು ಆ ಕೆಂಪು ಸಾಲನ್ನು ಅಳಿಸಿದರು. ಅಲ್ಲಿ ಏನು ಹಾಕಲಿ ಅಂದದ್ದಕ್ಕೆ ನಾನು ಮೊಬೈಲು ಇಸಕೊಂಡು, ಹಳೆಯ ಚಾಳಿಯಂತೆ ‘ಗ್ರಾಹಕರ ಗಮನಕ್ಕೆ, ಅನಿವಾರ್ಯ ಕಾರಣಗಳಿಂದ’ ಅಂತ ಶುರು ಮಾಡಿದೆ. ಯಾವ ಅನಿವಾರ್ಯ ಕಾರಣ ಅಂತ ಆಪಾ ಕೇಳಿದರು. ಮೊಬೈಲು ಕಸಿದುಕೊಂಡು ಒಂದೇ ಬೆರಳಿನಿಂದ ತಾವೇ ಒತ್ತತೊಡಗಿದರು. ಒತ್ತಕ್ಷರ ಬಂದಾಗಲೆಲ್ಲ ಬೆರಳು ದಾರಿ ತಪ್ಪುತ್ತಿತ್ತು. ತಿದ್ದಿಕೊಡಬೇಕೆಂದು ನನ್ನ ಕೈ ತುರಿಸುತ್ತಿತ್ತು, ಬಿಗಿಹಿಡಿದು ಕೂತೆ. ಕಡೆಗೆ ಬರೆದದ್ದು ಇದು: ‘ಬಸ್ಸು ತುಂಬೈತಿ. ಕೈಲೆ ಹೊಲೀತೇನಿ, ಒಂದು ಕೌದಿಗೆ ಒಂದು ತಿಂಗಳ ಬೇಕು. ಕಾಯೋರು ಹತ್ರಿ. ಹತ್ತಿದವರನ್ನ ನಡುವ ಇಳಸಂಗಿಲ್ಲ.’

ಇಂಥ ಮಾತನ್ನು ವೆಬ್‌ಸೈಟಿನಲ್ಲಿ ಯಾರೂ ಬರೆಯುವುದಿಲ್ಲ ಅಂತ ಹೇಳಬೇಕೆಂದಿದ್ದೆ. ಪುಣ್ಯಕ್ಕೆ ಹೇಳಲಿಲ್ಲ. ‘ಪ್ರಕಟಿಸು’ ಅನ್ನುವ ಗುಂಡಿಯ ಮೇಲೆ ಆಪಾನ ಹೆಬ್ಬೆರಳು ಸ್ವಲ್ಪ ಹೊತ್ತು ತಡೆದು ನಿಂತಿತು.

“ರೈಟ್,” ಅಂದರು ಆಪಾ, ಒತ್ತಿದರು.

ಆ ಪುಟವನ್ನೇ ಧಾರವಾಡದ ಹುಡುಗಿಗೂ ಕಳಿಸಿದರು. ಆ ದಿನ ಉತ್ತರ ಬರಲಿಲ್ಲ, ಮರುದಿನವೂ ಇಲ್ಲ. ಎಲ್ಲಿ ಮತ್ತೆ ಬಂದ್ ಮಾಡು ಅನ್ನುತ್ತಾರೋ ಎಂಬ ಅಳುಕಿನಲ್ಲಿ, ಫೋಟೊ ತೆಗೆಯುವ ನೆಪ ಮಾಡಿಕೊಂಡು ಮುಂದಿನ ವಾರ ಮತ್ತೆ ಸವಣೂರಿಗೆ ಹೋದೆ. ತುಂಡುಗಳು ಚಾಪೆಯ ಮೇಲೆ ಹಾಗೆಯೇ ಇದ್ದವು. ಹಸಿರು ನಡುವೆ, ಸೂಜಿ ಡಬ್ಬಿಯಲ್ಲಿ. ಹೊಸದಾಗಿ ಇಬ್ಬರು, ನಾವು ಕಾಯುತ್ತೇವೆ ಅಂತ ಸೀರೆ ಕಳಿಸುವುದಾಗಿ ಬರೆದಿದ್ದರು. ಆಪಾಗೆ ಅದು ಲೆಕ್ಕಕ್ಕೇ ಇರಲಿಲ್ಲ.

ಚಹಾ ಕುಡಿಯುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಆಪಾ ಕನ್ನಡಕ ಹುಡುಕಿ ಹಾಕಿಕೊಂಡು, ನಿಧಾನವಾಗಿ, ನಮಗೆಲ್ಲ ಕೇಳುವಂತೆ ಓದಿದರು.

“ಸಿಟ್ಟಿನಾಗ ಮಾತಾಡಿದೆ, ತಪ್ಪು ತಿಳೀಬ್ಯಾಡ್ರಿ. ಕಾಯ್ತೇನಿ. ನಮ್ಮವ್ವಗ ಬಸ್ಸಿನಾಗ ಕಿಡಕಿ ಸೀಟ ಬೇಕಾಗ್ತಿತ್ತು. ಆಗೂದಾದ್ರ ನೋಡ್ರಿ.”

ಆಪಾ ಚಹಾದ ಬಟ್ಟಲು ಬದಿಗಿಟ್ಟು, ಹಸಿರು ತುಂಡನ್ನು ನಡುವಿನಿಂದ ಎತ್ತಿ ಕೌದಿಯ ಅಂಚಿಗೆ ಇಟ್ಟರು. ಆಮೇಲೆ ಡಬ್ಬಿ ತೆಗೆದು ಸೂಜಿಗೆ ದಾರ ಪೋಣಿಸಿದರು.