ಕಾಕಾ ತಿಕ್ಕದ ಕಾಸು

ನಿನ್ನೆ ತಾಮ್ರದ ತಂಬಿಗೆಗೆ ಹುಣಸೆಹುಳಿ ಹಚ್ಚಿದೆ. ಆ ವಾಸನೆಗೆ ಕೈ ನಿಂತುಬಿಟ್ಟಿತು.

ದೇವದುರ್ಗದ ನಮ್ಮ ಕಾಕಾ ನಿಜಾಮರ ಕಾಲದ ತಾಮ್ರದ ಕಾಸುಗಳನ್ನು ಕೂಡಿಸುತ್ತಿದ್ದರು. ಅವುಗಳಲ್ಲೊಂದು ಚೂರೂ ಸವೆದಿರಲಿಲ್ಲ. ಅದನ್ನು ಗ್ರೇಡಿಂಗಿಗೆ, ಅಂದರೆ ನಾಣ್ಯದ ದರ್ಜೆ ಪರೀಕ್ಷಿಸಿ ಬರೆದುಕೊಡುವವರಿಗೆ, ಕಳಿಸಬಹುದೇ ಎಂದು ನೋಡಿ ಹೇಳಲು ರಾಯಚೂರಿನಿಂದ ತಿಳಿದವರೊಬ್ಬರು ಬರುವವರಿದ್ದರು. ಶ್ರಾವಣ ಸೋಮವಾರದ ಪೂಜೆಗೆ ತಾಮ್ರದ ಸಾಮಾನು ಬೆಳಗುವ ಕೆಲಸ ನನ್ನದು. ಬಂದವರ ಮುಂದೆ ಕಪ್ಪಗೆ ಕಾಣಬಾರದೆಂದು ಆ ಕಾಸನ್ನೂ ಹುಳಿ ಹಚ್ಚಿ ಫಳಫಳ ತಿಕ್ಕಿಟ್ಟೆ.

ರಾಯಚೂರಿನವರು ಭೂತಗನ್ನಡಿ ಹಿಡಿದು ಕಾಸನ್ನು ಹೊರಳಿಸಿ ಹೊರಳಿಸಿ ನೋಡಿದರು. ನಾನು ಬಾಗಿಲಿಗೆ ಆತು ನಿಂತಿದ್ದೆ.

“ಇದನ್ನ ಯಾರ್ ತಿಕ್ಯಾರ್ರೀ? ಹಳೀ ಬಣ್ಣೆಲ್ಲಾ ಹೋಗ್ಯದ. ಗ್ರೇಡಿಂಗಿಗೆ ಕಳಿಸಿದ್ರ, ತೊಳೆದದ್ದು ಅಂತ ಬರದು ವಾಪಸ್ ಕೊಡ್ತಾರ.”

ಕಾಕಾ ನನ್ನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಹುಣಸೆಯ ನಾರಿತ್ತು.

“ನಾನೇ ತಿಕ್ಕೀನ್ರೀ,” ಎಂದರು ಕಾಕಾ.

“ಇಷ್ಟು ವರ್ಷ ಕೂಡ್ಸಿ ಇಷ್ಟೂ ಗೊತ್ತಿಲ್ಲೇನ್ರೀ ನಿಮಗ?” ಎಂದು ಬಂದವರು ನಕ್ಕರು. ಕಾಕಾ ತಲೆ ತಗ್ಗಿಸಿದರು. ನಾನು ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ.

ಆ ಸುದ್ದಿ ಮಾನ್ವಿಗೂ ಮುಟ್ಟಿತು. ಅಲ್ಲಿನ ನಾಣ್ಯಪ್ರೇಮಿಗಳು ಈಗಲೂ, “ಬರ್ರಿ ಹುಣಸಿಹಣ್ಣಿನ ಸಾಹುಕಾರ್ರ” ಎಂದೇ ಕಾಕಾನನ್ನು ಕರೆಯುತ್ತಾರೆ. ಅವರೆಲ್ಲ ನಾಣ್ಯ ಕೂಡಿಸುವವರ ಈ ಆನ್‌ಲೈನ್ ಗುಂಪಿನಲ್ಲಿದ್ದಾರೆ, ಓದಲೆಂದೇ ಇಲ್ಲಿ ಬರೆದಿದ್ದೇನೆ. ತಿಕ್ಕಿದವಳು ನಾನು.